ತೆಕ್ಲಾಳ ಜಗಲಿಯ ಎರಡನೇ ಸುತ್ತು

ಬ್ರೆಜಿಲ್ಲಿನ ಪ್ರುದೆಂತೊಪೊಲಿಸ್ ಪೇಟೆಯಲ್ಲಿ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯದು ಬರೀ ಬೊಗಳುತ್ತದೆ ಎಂದು ತಿಳಿಯಬೇಕಾದರೆ ದೋನಾ ತೆಕ್ಲಾಳನ್ನು, ಅಂದರೆ ತೆಕ್ಲಾ ಅಮ್ಮನವರನ್ನು, ಕೇಳಬೇಕು. ಆರೋಗ್ಯ ಕೇಂದ್ರದ ಪರವಾಗಿ ಮನೆ ಮನೆ ಸುತ್ತುವ ಕೆಲಸವನ್ನು ಅವಳು ಕೂದಲು ಕಪ್ಪಗಿದ್ದಾಗ ಹಿಡಿದು, ಬೆಳ್ಳಗಾದ ಮೇಲೆ ಬಿಟ್ಟವಳು. ಯಾರ ಬಿಪಿ ಏರಿದೆ, ಯಾವ ಮಗುವಿಗೆ ಲಸಿಕೆ ತಪ್ಪಿದೆ, ಯಾವ ಮುದುಕ ಮಾತ್ರೆಯನ್ನು ನುಂಗದೆ ಹೂಕುಂಡದಲ್ಲಿ ಹೂಳುತ್ತಾನೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಊರು ಹೇಳುತ್ತಿತ್ತು. ಕಂಡವರ ಮನೆಯ ವಿಷಯಕ್ಕೆಲ್ಲ ಮೂಗು ತೂರಿಸುತ್ತಾಳೆ ಎಂದೂ ಹೇಳುತ್ತಿತ್ತು, ಅವಳು ಅಲ್ಲಿಲ್ಲದಾಗ. ಮಗುವಿಗೆ ಜ್ವರ ಏರಿದಾಗ ಮಾತ್ರ ಆ ಮೂಗೇ ಎಲ್ಲರಿಗೂ ಬೇಕಾಗುತ್ತಿತ್ತು.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ, "ಯಾಕೆ ಅಂದ್ರೇನು, ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು. ಮಾತು ಪೂರ್ತಿ ಸುಳ್ಳಲ್ಲ. ತಂಗಿಯರನ್ನು ದಡ ಸೇರಿಸಿದಳು, ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಮನೆಯ ಹಿಂದೆ ಪೈನ್ ಹಲಗೆಯ ಪುಟ್ಟ ಮನೆಯೊಂದಿದೆ, ನಮ್ಮ ಕಡೆ ಎಲ್ಲರ ಹಿತ್ತಿಲಲ್ಲೂ ಇರುವಂಥದ್ದು. ಅಮ್ಮ ಕಡೆಗಾಲ ಕಳೆದದ್ದು ಅದರಲ್ಲಿ. ಅವಳು ಹೋದ ಮೇಲೆ ತೆಕ್ಲಾ ಅದಕ್ಕೆ ಬೀಗ ಹಾಕಿದಳು. ಬಾಡಿಗೆಗೆ ಕೇಳಿದವರಿಗೆಲ್ಲ ಇಲ್ಲ ಎಂದಳು. ಈಸ್ಟರ್ ಹಬ್ಬಕ್ಕೊಮ್ಮೆ ಒಳಗೆ ಹೋಗಿ, ಯಾರೂ ಮುಟ್ಟದ ಪರದೆಗಳನ್ನು ಒಗೆದು ಮತ್ತೆ ತೂಗುಹಾಕಿ ಬರುತ್ತಿದ್ದಳು.

ಆ ಊರಿನ ಮುಕ್ಕಾಲು ಪಾಲು ಮನೆಗಳಂತೆ ಅವಳ ವಂಶವೂ ಉಕ್ರೇನಿನಿಂದ ಹಡಗು ಹತ್ತಿ ಬಂದದ್ದು. ಬಂದವಳು ಮುತ್ತಜ್ಜಿ. ಮಾತು, ಪ್ರಾರ್ಥನೆ, ಕಸೂತಿ, ಹಬ್ಬದ ಅಡುಗೆ ಎಲ್ಲ ಅವಳು ತಂದ ಹಾಗೇ ಉಳಿದಿವೆ, ಪಕ್ಕದಲ್ಲಿ ಬ್ರೆಜಿಲ್ಲಿನ ಕಪ್ಪು ಬೀನ್ಸ್ ಬಂದು ಕೂತಿದೆ ಅಷ್ಟೆ. ಆ ದೇಶವನ್ನು ಹೋಗಿ ನೋಡಿ ಬಂದವರು ಬೆರಳೆಣಿಕೆ, ತೆಕ್ಲಾ ಅವರಲ್ಲಿ ಒಬ್ಬಳಲ್ಲ. ಆದರೂ ಅದು ತವರು. ಅಲ್ಲಿ ಯುದ್ಧ ಶುರುವಾದ ವರ್ಷ ಟೀವಿಯಲ್ಲಿ ಬಾಂಬಿಗೆ ಮನೆಗಳು ಕುಸಿಯುವುದನ್ನು ಕಂಡಾಗ ಅವಳ ಕರುಳು ಚುರುಕ್ ಎಂದಿತು.

ಅಲ್ಲಿಂದ ಕೆಲವು ಸಂಸಾರಗಳು ನಮ್ಮೂರಿಗೆ ಬರಲಿವೆ, ಯಾರಲ್ಲಾದರೂ ಜಾಗ ಇದೆಯೇ ಎಂದು ಪಾದ್ರಿಗಳು ಇಗರ್ಜಿಯಲ್ಲಿ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ತೆಕ್ಲಾಳ ಕೈ ಮೇಲೆದ್ದಿತ್ತು.

"ಕೈ ಇಳಿಸೇ, ಅವರಿನ್ನೂ ಪ್ರಶ್ನೆ ಮುಗಿಸಿಲ್ಲ" ಎಂದು ಹಿಂದಿನ ಬೆಂಚಿನಿಂದ ಕಾಜಿಮಿರೊ ಪಿಸುಗುಟ್ಟಿದ. ಅವನು ಅವಳ ದೊಡ್ಡಪ್ಪನ ಮಗ, ಲಾರಿ ಓಡಿಸಿ ನಿವೃತ್ತನಾದವನು. ಈಗ ಬಾಯಿ ಮಾತ್ರ ಓಡಿಸುತ್ತಾನೆ.

ನಮ್ಮ ಕಡೆ ಚಳಿ ಶುರುವಾಗುವ ಮೇ ತಿಂಗಳಲ್ಲಿ ಅವರು ಬಂದರು. ತೆಕ್ಲಾ ಕಸೂತಿ ರವಿಕೆ ತೊಟ್ಟು, ಮುತ್ತಜ್ಜಿಯ ಕಾಲದ ಟವೆಲಿನ ಮೇಲೆ ಸ್ವಾಗತದ ರೊಟ್ಟಿ, ಉಪ್ಪು ಇಟ್ಟುಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಅವಳ ಕಲ್ಪನೆಯಲ್ಲಿ ತಲೆಗೆ ಬಟ್ಟೆ ಕಟ್ಟಿದ, ಜಪಮಾಲೆ ಹಿಡಿದ ಒಬ್ಬ ಹೆಂಗಸು ಇಳಿಯಬೇಕಿತ್ತು. ಇಳಿದವಳು ಝನ್ನಾ. ಹರಿದ ಜೀನ್ಸ್, ಅರ್ಧ ಮಾಸಿದ ಗುಲಾಬಿ ಬಣ್ಣದ ಕೂದಲು, ಬೆನ್ನಿಗೊಂದು ಚೀಲ. ಕೈಯಲ್ಲಿ ಆರು ವರ್ಷದ ಮಗಳು ವಾರ್ಯಾ. ಝನ್ನಾ ಖಾರ್ಕಿವ್ ಎಂಬ ದೊಡ್ಡ ನಗರದಲ್ಲಿ, ತಲೆಯ ಮೇಲಿನ ವಿದ್ಯುತ್ ತಂತಿ ಹಿಡಿದು ಓಡುವ ಟ್ರಾಲಿಬಸ್ಸಿನ ಚಾಲಕಿ. ಕೆಟ್ಟು ಪಟ್ಟಣ ಸೇರು ಎನ್ನುತ್ತಾರೆ. ಇವಳು ಪಟ್ಟಣವೇ ಕೆಟ್ಟು ಹಳ್ಳಿ ಸೇರಿದವಳು. ಗಂಡ ಗ್ಲೆಬ್ ಅಲ್ಲೇ ಉಳಿದಿದ್ದ. ಗಂಡಸರನ್ನು ಗಡಿ ದಾಟಲು ಬಿಡುತ್ತಿರಲಿಲ್ಲ.

ತೆಕ್ಲಾ ತನ್ನ ಉಕ್ರೇನಿ ಮಾತಿನಲ್ಲಿ ಉದ್ದಕ್ಕೆ ಸ್ವಾಗತ ಹೇಳಿದಳು. ಝನ್ನಾ ಬೆರಗಾಗಿ ನೋಡಿದಳು.

"ನೀವು ಮಾತಾಡಿದ್ರೆ ನಮ್ಮ ಮುತ್ತಜ್ಜಿ ಎದ್ದು ಬಂದು ಮಾತಾಡಿದ ಹಾಗಿದೆ" ಎಂದಳು. ಆಮೇಲೆ ತಪ್ಪಾಯಿತೇನೋ ಎಂದು ಅಂಜಿ, ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದಳು. "ಧನ್ಯವಾದ. ತುಂಬಾ ಧನ್ಯವಾದ."

ಮರುದಿನದಿಂದ ತೆಕ್ಲಾಳ ಚಕ್ರಗಳು ಮತ್ತೆ ತಿರುಗಿದವು. ಪಕ್ಕದ ದೊಡ್ಡ ಊರಿನ ಪೊಲೀಸ್ ಕಚೇರಿಯಲ್ಲಿ ವಾಸದ ಪರವಾನಗಿಗೆ ಬೆರಳಚ್ಚು ಕೊಡಿಸಿದಳು. ತೆರಿಗೆ ಇಲಾಖೆಯ ನಂಬರು ಮಾಡಿಸಿದಳು. "ಈ ದೇಶದಲ್ಲಿ ಆ ನಂಬರ್ ಇಲ್ದೆ ಸಾಯೋಕೂ ಬಿಡಲ್ಲ ಮಗಳೇ, ಸತ್ತಳು ಅಂತ ಬರ್ಕೊಳ್ಳೋಕೂ ಅದನ್ನೇ ಕೇಳ್ತಾರೆ." ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಒದೇತ್ ಅವಳ ಹಳೆಯ ಗೆಳತಿ. ಅವಳನ್ನು ಹಿಡಿದು ವಾರ್ಯಾಳಿಗೆ ಬಾಕಿ ಇದ್ದ ಲಸಿಕೆ ಹಾಕಿಸಿದಳು. ಶಾಲೆಯಲ್ಲಿ ಜಾಗವಿಲ್ಲ ಎಂದರು. ತೆಕ್ಲಾ ಮುಖ್ಯೋಪಾಧ್ಯಾಯಿನಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು, ಜಾಗ ಹುಟ್ಟಿತು. ಯುದ್ಧದಿಂದ ಬಂದವರ ಜೊತೆ ಮಾತಾಡಲು ಒಬ್ಬ ಮನೋವೈದ್ಯೆ ವಾರಕ್ಕೊಮ್ಮೆ ಬರುತ್ತಾಳೆಂದು ಪತ್ತೆ ಮಾಡಿದವಳೂ ಅವಳೇ. ಕಂಬಳಿ, ಪಾತ್ರೆ, ಸ್ಕೂಲ್ ಬ್ಯಾಗು, ವೈಫೈ ಎಲ್ಲ ಬಂತು.

ಪ್ರತಿಯೊಂದಕ್ಕೂ ಝನ್ನಾ ಎದೆಯ ಮೇಲೆ ಕೈ ಇಟ್ಟು, ತಲೆ ಬಾಗಿಸಿ ಧನ್ಯವಾದ ಹೇಳುತ್ತಿದ್ದಳು. ಇಲ್ಲಿಯ ಭಾಷೆಯಾದ ಪೋರ್ಚುಗೀಸಿನಲ್ಲೂ ಅವಳು ಮೊದಲು ಕಲಿತ ಮಾತು ಅದೇ. ಎಂಥ ಸಂಸ್ಕಾರವಂತ ಹುಡುಗಿ ಎಂದು ತೆಕ್ಲಾ ಊರೆಲ್ಲ ಹೊಗಳಿ ಬಂದಳು.

ಹಿತ್ತಿಲ ಮನೆಯಲ್ಲಿ ಈಗ ದೀಪ ಉರಿಯುತ್ತಿತ್ತು. ವಾರ್ಯಾ ಶಾಲೆಯಿಂದ ಬಂದವಳೇ ತೆಕ್ಲಾಳ ಅಡುಗೆಮನೆಗೆ ನುಗ್ಗಿ ಬಾಣಲೆಯ ಮುಚ್ಚಳ ಎತ್ತಿ ನೋಡುತ್ತಿದ್ದಳು. "ಅಜ್ಜೀ, ಇವತ್ತೂ ಬೀನ್ಸಾ?" ಎಂದು ಮೂತಿ ತಿರುವುತ್ತಿದ್ದಳು. ತೆಕ್ಲಾ ಬೈಯುತ್ತಿದ್ದಳು, ಬೈದು ಆಲೂಗಡ್ಡೆಯ ಕಡುಬು ಬೇಯಿಸುತ್ತಿದ್ದಳು. ಇಷ್ಟು ವರ್ಷ ಊರವರ ಮಕ್ಕಳ ತೂಕ ನೋಡಿದ ಕೈಗೆ, ತೊಡೆಯ ಮೇಲೆ ಬಂದು ಕೂತ ಈ ಮಗುವಿನ ಭಾರ ಹೊಸದಾಗಿತ್ತು. ದೇವರು ಅವರನ್ನು ತನಗೇ ಕೊಟ್ಟನೇನೋ ಎಂಬ ಆಸೆ ಮನಸ್ಸಿನಲ್ಲಿ ಮೊಳೆಯಿತು. ಯಾರಿಗೂ ಹೇಳಲಿಲ್ಲ.

ಸಂಜೆಯಾದರೆ ತೆಕ್ಲಾಳ ಜಗಲಿಯಲ್ಲಿ ಶಿಮರಾಂವ್ ಕೂಟ. ಸೋರೆಬುರುಡೆಯ ತುಂಬ ಹಸಿರು ಸೊಪ್ಪಿನ ಪುಡಿ, ಅದಕ್ಕೆ ಬಿಸಿನೀರು, ಹೀರಲು ಒಂದು ಲೋಹದ ಕೊಳವೆ. ಒಂದೇ ಬುರುಡೆ, ಒಂದೇ ಕೊಳವೆ. ಮನೆಯವಳು ಮೊದಲು ತಾನು ಹೀರಿ, ಆಮೇಲೆ ನೀರು ತುಂಬಿ ತುಂಬಿ ಒಬ್ಬೊಬ್ಬರಿಗೆ ಕೊಡುತ್ತಾಳೆ. ಕುಡಿದವರು ಸುಮ್ಮನೆ ಅವಳ ಕೈಗೆ ಹಿಂದಿರುಗಿಸುತ್ತಾರೆ, ಕೂಟ ಮುಗಿಯುವವರೆಗೆ ಸುತ್ತು ನಡೆಯುತ್ತಲೇ ಇರುತ್ತದೆ. ಹೊಟ್ಟೆ ತುಂಬಿದವರು ಮಾತ್ರ ಬುರುಡೆ ಕೊಡುವಾಗ ಧನ್ಯವಾದ ಹೇಳುತ್ತಾರೆ. ಅದನ್ನು ಹೇಳಿದವರಿಗೆ ಮತ್ತೆ ಒತ್ತಾಯ ಮಾಡುವುದಿಲ್ಲ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ, ತೊಟ್ಟಿಲಿನಿಂದ ಇಳಿಯುವಷ್ಟರಲ್ಲಿ ಗೊತ್ತಿರುತ್ತದೆ. ಇನ್ನು ಬುರುಡೆ ಸುತ್ತುವಾಗ ಬುರುಡೆ ಬಿಡುವವರೂ ಒಬ್ಬರು ಬೇಕಲ್ಲ, ಆ ಕೆಲಸ ಕಾಜಿಮಿರೊನದು.

ಮೊದಲ ಸಂಜೆ ಝನ್ನಾಳನ್ನೂ ಕರೆದು ಕೂರಿಸಿದರು. ಅವಳು ಕಹಿಗೆ ಮುಖ ಕಿವುಚಿ, ಪೂರ್ತಿ ಹೀರಿ, ಎರಡೂ ಕೈಯಲ್ಲಿ ಬುರುಡೆ ಹಿಂದಿರುಗಿಸಿ, ಎದೆಯ ಮೇಲೆ ಕೈ ಇಟ್ಟು ಧನ್ಯವಾದ ಎಂದಳು.

ಅಯ್ಯೋ, ಪಾಪ, ನಗರದ ನಾಲಗೆ, ಹಿಡಿಸಲಿಲ್ಲ ಎಂದುಕೊಂಡಳು ತೆಕ್ಲಾ. ಎರಡನೇ ಸುತ್ತಿನಲ್ಲಿ ಬುರುಡೆ ಝನ್ನಾಳನ್ನು ದಾಟಿ ಒದೇತಳ ಕೈಗೆ ಹೋಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಒಂದು ಸಲ ಕುಡಿಯುತ್ತಾಳೆ, ಧನ್ಯವಾದ ಹೇಳುತ್ತಾಳೆ, ಮುಗಿಯಿತು. ಇಷ್ಟವಿಲ್ಲದಿದ್ದರೂ ಮರ್ಯಾದೆಗೆ ಒಂದು ಸುತ್ತು ಕುಡಿಯುತ್ತಾಳಲ್ಲ ಎಂದು ತೆಕ್ಲಾಳಿಗೆ ಅವಳ ಮೇಲೆ ಇನ್ನಷ್ಟು ಅಕ್ಕರೆ ಬಂತು. ಆ ಅಕ್ಕರೆಯಲ್ಲಿ ಒಂದು ದಿನ ಒಳಗೆ ಹೋಗಿ, ಸಕ್ಕರೆ ಹಾಕಿದ ಚಹಾವನ್ನು ಹೂವಿನ ಚಿತ್ರದ ಲೋಟದಲ್ಲಿ ಮಾಡಿ ತಂದು, "ಇಗೋ, ಇದು ನಿನಗೆ ಅಂತಲೇ" ಎಂದು ಕೊಟ್ಟಳು.

ಝನ್ನಾ ತನ್ನ ಕೈಯ ಲೋಟ ನೋಡಿದಳು, ಎಲ್ಲರ ನಡುವೆ ಸುತ್ತುತ್ತಿದ್ದ ಬುರುಡೆ ನೋಡಿದಳು. ಆಮೇಲೆ ಎದೆಯ ಮೇಲೆ ಕೈ ಇಟ್ಟು ಧನ್ಯವಾದ ಎಂದಳು.

ಅಲ್ಲಿಂದ ಮುಂದೆ ಅವಳ ಲೋಟ ಬೇರೆಯಾಯಿತು. ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಕೂರತೊಡಗಿದಳು. ಬರಬರುತ್ತಾ ಬಟ್ಟೆ ಒಗೆಯುವುದಿದೆ, ಗ್ಲೆಬ್ ಫೋನ್ ಮಾಡುತ್ತಾನೆ ಎಂದು ಬರುವುದೇ ಕಡಿಮೆಯಾಯಿತು. ತೆಕ್ಲಾ ಕೊಟ್ಟ ಯಾವ ವಸ್ತುವನ್ನೂ ಬೇಡ ಎನ್ನಲಿಲ್ಲ, ಯಾವುದನ್ನೂ ಬೇಕು ಎನ್ನಲೂ ಇಲ್ಲ. ಹಿತ್ತಿಲ ಮನೆಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ನಾಳೆ ಯಾರೋ ಬಂದು ಪರೀಕ್ಷೆ ಮಾಡುತ್ತಾರೇನೋ ಎಂಬಂತೆ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಝನ್ನಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೋನಾ ತೆಕ್ಲಾ, ನಾವು ಕುರಿತಿಬಾಕ್ಕೆ ಹೋಗೋಣ ಅಂತಿದ್ದೀವಿ" ಎಂದಳು. "ದೊಡ್ಡ ಊರು. ಅಲ್ಲಿ ಬಸ್ ಓಡಿಸೋ ಕೆಲಸ ಸಿಗಬಹುದು. ನಿಮಗೆ ಎಷ್ಟು ದಿನ ಅಂತ ಭಾರ ಆಗಿರೋದು?"

ತೆಕ್ಲಾಳ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಯಾರು ಭಾರ ಅಂದರು ಎಂದು ಕೂಗಬೇಕೆನಿಸಿತು. ನಿಮ್ಮನ್ನು ಬಿಟ್ಟು ನಾನು ಹೇಗಿರಲಿ ಎಂದು ಕೇಳಬೇಕೆನಿಸಿತು. ಆದರೆ ಉಪಕಾರ ಮಾಡಿದವಳು ಹಾಗೆ ಕೇಳಿದರೆ ಅದು ಹಗ್ಗ ಹಾಕಿ ಕಟ್ಟಿದಂತೆ ಎಂಬ ಅರಿವು ಅವಳಿಗಿತ್ತು. 

"ಒಳ್ಳೇದು ಮಗಳೇ. ಆ ಊರಲ್ಲಿ ನನಗೆ ಗೊತ್ತಿರೋರು ಇದ್ದಾರೆ. ನಾನು ಮಾತಾಡ್ತೀನಿ."

ಮಾತಾಡಿಯೇಬಿಟ್ಟಳು. ಕುರಿತಿಬಾದಲ್ಲಿ ನಿರಾಶ್ರಿತರಿಗೆ ನೆರವಾಗುವ ಕೇಂದ್ರ ಹುಡುಕಿದಳು. ಇನ್ನೊಂದು ಉಕ್ರೇನಿ ಸಂಸಾರದ ಜೊತೆ ಹಂಚಿಕೊಳ್ಳಲು ಕೋಣೆ, ವಾರ್ಯಾಳಿಗೆ ಶಾಲೆ, ಚಾಲಕಿಯ ಲೈಸೆನ್ಸ್ ಬದಲಿಸಲು ಎಲ್ಲಿಗೆ ಹೋಗಬೇಕೆಂಬ ವಿವರ ಎಲ್ಲವನ್ನೂ ಒಟ್ಟುಮಾಡಿದಳು. ತನ್ನ ಕೈಯಾರೆ ಅವರನ್ನು ಕಳಿಸುವ ಏರ್ಪಾಡು ಅಷ್ಟು ಚೆನ್ನಾಗಿ ಮಾಡಿದಳು. ಫೋನಿಟ್ಟ ಮೇಲೆ ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು. ಒಂದು ವಾರ ಅವಳ ಮನೆಯ ಅಡುಗೆಗೆಲ್ಲ ಈರುಳ್ಳಿ ಜಾಸ್ತಿ.

"ಬೇಡ ಅಂತ ಹೇಳೇ, ನಿನ್ನ ಬಾಯಿಗೆ ಏನು ಬಂದಿದೆ ಧಾಡಿ?" ಎಂದು ಕಾಜಿಮಿರೊ ರೇಗಿದ.

"ಅವಳಿಗೆ ನಮ್ಮೂರು ಹಿಡಿಸಿಲ್ಲ ಕಣೋ. ನಮ್ಮ ಶಿಮರಾಂವ್ ಕೂಡ ಹಿಡಿಸಿಲ್ಲ. ಬಲವಂತ ಮಾಡಿ ಯಾರನ್ನಾದ್ರೂ ಇಟ್ಕೊಳ್ಳೋಕೆ ಆಗುತ್ತಾ?"

ಹೊರಡುವ ಹಿಂದಿನ ಸಂಜೆ ಜಗಲಿಯಲ್ಲಿ ಎಲ್ಲರೂ ಸೇರಿದರು. ಝನ್ನಾಳನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದರು. ಒದೇತ್ ದಾರಿಗೆಂದು ಕೇಕ್ ತಂದಿದ್ದಳು. ಕಾಜಿಮಿರೊ ತನ್ನ ಲಾರಿ ನದಿಗೆ ಬಿದ್ದ ಕಥೆ ಶುರು ಮಾಡಿದ. ಆ ನದಿ ಪ್ರತಿ ಸಲ ಒಂದಿಷ್ಟು ಅಗಲವಾಗುತ್ತದೆ. ಬುರುಡೆ ಝನ್ನಾಳ ಕೈಗೆ ಬಂತು, ಅವಳು ಕುಡಿದಳು, ತಲೆ ಬಾಗಿಸಿ ಧನ್ಯವಾದ ಎಂದಳು. ತೆಕ್ಲಾ ನೀರು ತುಂಬಿ ಅದನ್ನು ಒದೇತಳ ಕಡೆ ಚಾಚಿದಳು.

ಕಾಜಿಮಿರೊನ ತೊಡೆಯ ಮೇಲೆ ಕೂತಿದ್ದ ವಾರ್ಯಾ ಥಟ್ಟನೆ ಕೇಳಿದಳು: "ಅಜ್ಜೀ, ಇವತ್ತಾದ್ರೂ ನಮ್ಮಮ್ಮನಿಗೆ ಇನ್ನೊಂದ್ಸಲ ಕೊಡಿ. ನಾಳೆ ನಾವು ಇರಲ್ವಲ್ಲ."

"ನಿಮ್ಮಮ್ಮನಿಗೆ ಅದು ಸೇರಲ್ಲ ಕಂದಾ."

"ಸೇರುತ್ತೆ! ನೀವು ಕೊಡಲ್ಲ. ಹೊರಗಿನೋರಿಗೆ ಒಂದೇ ಸಲ ಅಂತೆ. ಅಮ್ಮ ಅಪ್ಪಂಗೆ ಫೋನಲ್ಲಿ ಹೇಳಿದ್ಲು. ಆಮೇಲೆ ಬೇರೆ ಲೋಟದಲ್ಲಿ ಕೊಡ್ತಾರೆ ಅಂತ ಅತ್ಲು."

"ವಾರ್ಯಾ!" ಝನ್ನಾಳ ಮುಖ ಕಿವಿಯವರೆಗೂ ಕೆಂಪಾಯಿತು. ಕಾಜಿಮಿರೊನ ಲಾರಿ ನದಿಯ ನಡುವೆಯೇ ನಿಂತಿತು.

ತೆಕ್ಲಾ ಬುರುಡೆ ಕೆಳಗಿಟ್ಟಳು. "ಹೊರಗಿನೋರಿಗೆ ಒಂದೇ ಸಲ ಅಂತ ಯಾರಮ್ಮ ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ" ಎಂದಳು ಝನ್ನಾ, ನೆಲ ನೋಡುತ್ತ. "ನಾನೇ ನೋಡಿದೆ. ಎಲ್ಲರಿಗೂ ಮತ್ತೆ ಮತ್ತೆ ಬರುತ್ತೆ, ನನ್ನನ್ನ ದಾಟಿ ಹೋಗುತ್ತೆ. ಇಲ್ಲಿಯ ಪದ್ಧತಿ ಇರಬೇಕು ಅನ್ಕೊಂಡೆ. ಮನೆ ಕೊಟ್ಟೋರ ಹತ್ರ, ಕಂಬಳಿ ಕೊಟ್ಟೋರ ಹತ್ರ, ಇದೊಂದು ಯಾಕೆ ಕೊಡಲ್ಲ ಅಂತ ಹೇಗೆ ಕೇಳಲಿ?"

"ಅಯ್ಯೋ ನನ್ನ ಮಗಳೇ, ನೀನೇ ಸಾಕು ಅಂದೆಯಲ್ಲೇ!"

"ನಾನ್ಯಾವಾಗ ಅಂದೆ?"

ಒದೇತ್ ಬಾಯಿಗೆ ಕೈ ಅಡ್ಡ ಹಿಡಿದಳು. ಕೊನೆಗೆ ಕಾಜಿಮಿರೊನೇ ಬಿಡಿಸಿ ಹೇಳಿದ. "ಬುರುಡೆ ಕೊಡ್ತಾ ಧನ್ಯವಾದ ಅಂದ್ರೆ ನಮ್ಮಲ್ಲಿ ಆಟ ಮುಗೀತು ಅಂತ ಲೆಕ್ಕ ತಾಯೀ. ಇನ್ನೂ ಬೇಕು ಅನ್ನೋರು ಬಾಯಿ ಮುಚ್ಕೊಂಡು ಕೊಡ್ತಾರೆ. ನನ್ನನ್ನ ನೋಡು, ಈ ಮನೇಲಿ ನಲವತ್ತು ವರ್ಷದಿಂದ ಕುಡೀತಿದ್ದೀನಿ, ಇವಳಿಗೆ ಒಂದು ದಿನಾನೂ ಧನ್ಯವಾದ ಹೇಳಿಲ್ಲ."

"ಯಾವುದಕ್ಕೂ ಹೇಳಿಲ್ಲ ಮುಂಡೇದು" ಎಂದಳು ತೆಕ್ಲಾ. ನಗಲು ಹೋದಳು, ನಗು ಅಳುವಾಯಿತು.

 ಝನ್ನಾಳ ಬಾಯಿಂದ ಮಾತು ಕಟ್ಟೆಯೊಡೆದು ಬಂತು, ಅರ್ಧ ಆ ಭಾಷೆ, ಅರ್ಧ ಈ ಭಾಷೆ.

"ಗಡಿಯಲ್ಲಿ ಸೂಪ್ ಕೊಟ್ರು, ಧನ್ಯವಾದ ಅಂದೆ. ಬಸ್ಸಲ್ಲಿ ಸೀಟು ಬಿಟ್ಟುಕೊಟ್ರು, ಧನ್ಯವಾದ. ಯಾವುದೋ ಶಾಲೆಯ ನೆಲದ ಮೇಲೆ ಹಾಸಿಗೆ ಕೊಟ್ರು, ಯಾರೋ ಹಾಕಿ ಬಿಟ್ಟ ಚಡ್ಡಿ ಕೊಟ್ರು, ಅದಕ್ಕೂ ಧನ್ಯವಾದ. ನಾನು ನನ್ನೂರಲ್ಲಿ ಹೀಗಿರಲಿಲ್ಲ ದೋನಾ ತೆಕ್ಲಾ! ಟಿಕೆಟ್ ಇಲ್ದೆ ಹತ್ತಿದೋರ ಜನ್ಮ ಜಾಲಾಡ್ತಿದ್ದೆ. ಅತ್ತೆ ಜೊತೆ ಜಗಳ ಆಡ್ತಿದ್ದೆ. ಗ್ಲೆಬ್ ಉಪ್ಪು ಕಮ್ಮಿ ಅಂದ್ರೆ, ಕೈ ಇದೆಯಲ್ಲ, ಹಾಕ್ಕೋ ಅಂತಿದ್ದೆ. ಈಗ ಬಾಯಿ ಬಿಟ್ರೆ ಬರೋದು ಆ ಒಂದೇ ಮಾತು. ನನ್ನ ದನಿ ಕೇಳಿದ್ರೆ ನನಗೇ ಹೇಸಿಗೆ ಆಗುತ್ತೆ. ಅದನ್ನ ಹೇಳೋದು ನಿಲ್ಲಿಸಿದ್ರೆ ಎಲ್ಲಿ ಹೊರಗೆ ಹಾಕ್ತಾರೋ ಅಂತ ಭಯ."

 ತೆಕ್ಲಾಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಆ ತಲೆಬಾಗುವಿಕೆ ತನಗೆ ಎಷ್ಟು ರುಚಿಸುತ್ತಿತ್ತು, ಸಂಸ್ಕಾರ ಸಂಸ್ಕಾರ ಎಂದು ಬೀದಿ ಬೀದಿಯಲ್ಲಿ ಹೊಗಳುವಾಗ ತಾನು ಹೊಗಳಿಕೊಂಡದ್ದು ಯಾರನ್ನು ಎಂದು ಈಗ ಹೊಳೆಯಿತು. ಎಷ್ಟೋ ಮನೆಗಳ ಹೊಸ್ತಿಲು ದಾಟಿ ಜನರ ನೋವು ಎಲ್ಲಿದೆ ಎಂದು ಮುಖ ನೋಡಿ ಹೇಳುತ್ತಿದ್ದವಳಿಗೆ, ತನ್ನ ಹಿತ್ತಿಲಲ್ಲಿ ಕೂತ ನೋವು ಕಾಣಿಸಿರಲಿಲ್ಲ.

ಎದ್ದು ಒಳಗೆ ಹೋಗಿ ಕೆಟಲ್ ತುಂಬ ಬಿಸಿನೀರು ತಂದಳು. ಬುರುಡೆ ತುಂಬಿ ಝನ್ನಾಳ ಕೈಗಿಟ್ಟಳು. "ಕುಡಿ."

ಝನ್ನಾ ಕೊಳವೆ ಗೊರಗೊರ ಎನ್ನುವವರೆಗೂ ಹೀರಿದಳು. ಹಿಂದಿರುಗಿಸುವಾಗ ಅಭ್ಯಾಸಬಲದಿಂದ ಕೈ ಎದೆಯ ಕಡೆ ಹೊರಟಿತು. ವಾರ್ಯಾ ತೊಡೆಯಿಂದ ಜಿಗಿದು ಬಂದು ಅಮ್ಮನ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲರೂ ಗೊಳ್ಳೆಂದು ನಕ್ಕರು. ಸುತ್ತು ನಡೆಯಿತು, ಮತ್ತೆ ನಡೆಯಿತು, ಕಾಜಿಮಿರೊನ ಲಾರಿ ಕೂಡ ಹೇಗೋ ದಡ ಸೇರಿತು. ಝನ್ನಾ ಪ್ರತಿ ಸಲ ಬುರುಡೆಯನ್ನು ಸುಮ್ಮನೆ ಹಿಂದಿರುಗಿಸಿದಳು, ಆಮೇಲಾಮೇಲೆ ತೆಕ್ಲಾಳ ಮುಖವನ್ನೂ ನೋಡದೆ.

ನಾಳೆಯ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಎತ್ತುವ ಧೈರ್ಯ ತೆಕ್ಲಾಳಿಗೂ ಇರಲಿಲ್ಲ. ಕೆಟಲ್ ಬರಿದಾಗುವ ಹೊತ್ತಿಗೆ ಅವಳು, "ಹಾಸಿಗೆ ಬಟ್ಟೆ ನಾನು ಬೆಳಿಗ್ಗೆ ತೆಗೀತೀನಿ, ನೀನೇನೂ ಒಗೆಯೋಕೆ ಹೋಗಬೇಡ" ಎಂದಳು.

ಝನ್ನಾ ಹಿತ್ತಿಲ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ, "ದೋನಾ ತೆಕ್ಲಾ" ಎಂದಳು, "ಆ ಮನೆಯ ಸೂರು ಸೋರುತ್ತೆ."

"ಏನು?"

"ಸೂರು. ಮಂಚದ ಮೇಲೇ ತೊಟ್ಟಿಕ್ಕುತ್ತೆ. ಬಂದ ದಿನದಿಂದ. ಮಳೆ ಬಂದ್ರೆ ನಾವಿಬ್ರೂ ಮಂಚಾನ ಒಲೆ ಹತ್ರ ಎಳ್ಕೊಂಡು ಮಲಗ್ತೀವಿ. ಒಲೆ ಬೇರೆ ಹೊಗೆ ಉಗುಳುತ್ತೆ. ಬಾಗಿಲಂತೂ ಕತ್ತೆ ಥರ ಕಿರುಚುತ್ತೆ."

"ನಾಳೆ ಹೋಗೋಳಿಗೆ ಸೂರಿನ ಚಿಂತೆ ಯಾಕಮ್ಮ?" ಎಂದ ಕಾಜಿಮಿರೊ. ಒದೇತ್ ಅವನ ಕಾಲು ತುಳಿದಳು.

"ಏಣಿ ತಗೊಂಡು ಬಾ" ಎಂದಳು ತೆಕ್ಲಾ.

"ಈಗಲಾ?"

"ಈಗಲೇ. ಬೆಳಕಿದೆಯಲ್ಲ, ಕಣ್ಣು ಕಾಣಲ್ವಾ?"

ಕಾಜಿಮಿರೊನಿಗೆ ಮಂಡಿ ನೋವು. ಏಣಿಯನ್ನು ಅವನು ಹಿಡಿದುಕೊಂಡ, ಹತ್ತಿದವಳು ತೆಕ್ಲಾ. ಈ ವಯಸ್ಸಿನಲ್ಲಿ ಬೇಡ ಎಂದು ಒದೇತ್ ಕೂಗುತ್ತಲೇ ಇದ್ದಳು. ಝನ್ನಾ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಟ್ರಾಲಿಬಸ್ಸಿನ ಹಿಂಬಾಗಿಲಿಗೂ ಕೇಳಿಸುವ ದನಿಯಲ್ಲಿ ಹೇಳತೊಡಗಿದಳು.

"ಅದಲ್ಲ, ಅದರ ಪಕ್ಕದ್ದು! ಎಡಗಡೆ ಅಂದೆ. ಎಡಗಡೆ ಅಂದ್ರೆ ಗೊತ್ತಾಗಲ್ವಾ ನಿಮಗೆ? ಅಯ್ಯೋ, ಒಡೆದಿರೋ ಹೆಂಚನ್ನ ಬಿಟ್ಟು ಸರಿ ಇರೋದನ್ನೇ ಎತ್ತುತ್ತಾ ಇದ್ದೀರಲ್ಲ!"

ತೆಕ್ಲಾಳಿಗೆ ಯಾವ ಹೆಂಚೂ ಸರಿಯಾಗಿ ಕಾಣುತ್ತಿರಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು, ಮೂಗು ಸೇದಿ, "ಬೈಯಬೇಡ ಕಣೇ, ತೋರಿಸು" ಎಂದಳು. ಕೆಳಗಿನಿಂದ ಇನ್ನೂ ಜೋರಾಗಿ ಬೈಗುಳ ಬಂತು.